ಪದಚರ್ಚೆ: ಮರಾಠಿಯ ‘ಉತ್ಪನ್ನ’, ‘ಹಂಗಾಮೀ ಬೇರೋಜಗಾರೀ’ ಕನ್ನಡದಲ್ಲಿ ಏನು? (ನಾಳೆ ಸಂಜೆ ಅಚ್ಚಿಗೆ)

ಡೊಂಬಿವಲಿಯಿಂದ, ಶುಕ್ರವಾರ ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ.

ನಾಕಾ ಕೆಲಸಗಾರರಿಗೆ, ಅಂದರೆ ದಿನಗೂಲಿಗಾಗಿ ರಸ್ತೆಯ ಕೂಡಿನಲ್ಲಿ ನಿಂತು ಕಾಯುವವರಿಗೆ, ಹಂಚುವ ನಾಲ್ಕು ಪುಟದ ಮರಾಠಿ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಓದುವವರು ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬಯಿಗೆ ಗುಳೆ ಬಂದವರು. ಮರಾಠಿ ಮಾತು ಬರುತ್ತದೆ, ಓದಲು ಕನ್ನಡವೇ ಬೇಕು. ಮೊದಲ ಎರಡು ಪುಟ ರೇಷನ್ ಕಾರ್ಡು ಮತ್ತು ತಹಶೀಲ್ದಾರರ ದಾಖಲೆಯದು. ಮೂರನೆಯದರಲ್ಲಿ ಕೆಲಸ, ಬಡತನಗಳ ಅಂಕಿಗಳ ಕೋಷ್ಟಕ. ಅಚ್ಚಿನವರಿಗೆ ನಾಳೆ ಸಂಜೆ 6ಕ್ಕೆ ಫೈಲ್ ಕೊಡಬೇಕು.

ಕೈ ನಿಂತಿರುವುದು ಇಲ್ಲಿ. ‘ಕುಟುಂಬಾಚೇ ಸರ್ವ ಮಾರ್ಗಾಂನೀ ಮಿಳಣಾರೇ ವಾರ್ಷಿಕ ಉತ್ಪನ್ನ’ (ಎಲ್ಲ ದಾರಿಗಳಿಂದ ಕುಟುಂಬಕ್ಕೆ ವರ್ಷಕ್ಕೆ ಬರುವ ಹಣ) ಎಂಬ ಸಾಲಿನ ‘ಉತ್ಪನ್ನ’ವನ್ನು ಹಾಗೇ ಇಡಬಹುದೇ? ಅರ್ಜಿಯಲ್ಲಿ ಅದೇ ಪದ ಇರುವುದರಿಂದ ಕಣ್ಣಿಗೆ ಗುರುತು ಸಿಗುತ್ತದೆ ಎಂಬ ಆಸೆ. ವರ್ಷದ ಕೆಲವು ತಿಂಗಳು ಕೆಲಸ ಸಿಗದಿರುವುದನ್ನು ಹೇಳುವ ‘ಹಂಗಾಮೀ ಬೇರೋಜಗಾರೀ’ಗೆ ‘ಹಂಗಾಮಿ ನಿರುದ್ಯೋಗ’ ಸಾಕೇ? ವಾರಕ್ಕೆ ಎರಡು ದಿನ ಕೆಲಸ ಸಿಕ್ಕಿ ಐದು ದಿನ ನಾಕಾದಲ್ಲಿ ನಿಂತು ಮರಳುವವನನ್ನು ಏನೆನ್ನುವುದು? ‘ದಾರಿದ್ರ್ಯರೇಷೇಖಾಲೀಲ ಕುಟುಂಬ’ಕ್ಕೆ (ಬಡತನ ರೇಖೆಯ ಕೆಳಗಿನ ಕುಟುಂಬ) ‘ದಾರಿದ್ರ್ಯ ರೇಖೆ’ ಎಂದರೆ ಬಿರುಸಾಗುವುದೇ?

ಮಾಟುಂಗದಿಂದ, 10:05

‘ಉತ್ಪನ್ನ’ ಇಡಬೇಡಿ. ಇದರಲ್ಲಿ ಚರ್ಚಿಸಲು ಏನೂ ಇಲ್ಲ. ಕನ್ನಡದಲ್ಲಿ ಉತ್ಪನ್ನವೆಂದರೆ ತಯಾರಾದ ಸರಕು, ಹೊಲದ ಬೆಳೆ. ‘ಕುಟುಂಬದ ವಾರ್ಷಿಕ ಉತ್ಪನ್ನ’ ಎಂದು ಅಚ್ಚಾದರೆ ಊರಲ್ಲಿ ಎರಡೆಕರೆ ಇದ್ದವನು ಎಷ್ಟು ಚೀಲ ತೊಗರಿ ಬಂತು ಎಂದು ಬರೆದುಕೊಡುತ್ತಾನೆ. ‘ಆದಾಯ’ ಎಂದು ಬರೆದು, ಮೊದಲ ಸಲ ಬಂದಲ್ಲಿ ಮಾತ್ರ ‘ಅರ್ಜಿಯಲ್ಲಿ ಇದನ್ನು ಉತ್ಪನ್ನ ಎಂದಿರುತ್ತದೆ’ ಎಂಬ ಒಂದು ವಾಕ್ಯ ಸೇರಿಸಿ.

ಇದೇ ಜಾತಿಯ ಇನ್ನೆರಡು ಹೊಂಡಗಳು ನಿಮ್ಮ ಕೈಪಿಡಿಯಲ್ಲಿ ಇದ್ದೇ ಇರುತ್ತವೆ. ಮರಾಠಿಯ ‘ಉದ್ಯೋಗ’ ನಮ್ಮ ಕೈಗಾರಿಕೆ, ಉದ್ಯಮ. ನಮ್ಮ ‘ಉದ್ಯೋಗ’ ಅವರ ‘ರೋಜಗಾರ’. ಮರಾಠಿಯ ‘ಕಾಮಗಾರ’ ಕಾರ್ಮಿಕ; ನಮ್ಮ ‘ಕಾಮಗಾರಿ’ ರಸ್ತೆ, ಚರಂಡಿಯ ಕೆಲಸ. ಲಿಪಿ ಬದಲಿಸಿದ ಮಾತ್ರಕ್ಕೆ ಅನುವಾದ ಆಗುವುದಿಲ್ಲ.

‘ಹಂಗಾಮಿ’ ಎಲ್ಲಕ್ಕಿಂತ ಕೆಟ್ಟದ್ದು. ಮೂಲ ಫಾರ್ಸಿಯ ‘ಹಂಗಾಮ್’, ಕಾಲ ಎಂಬ ಅರ್ಥ. ಮರಾಠಿ ಅದನ್ನು ಋತುವಿಗೆ ಹಿಡಿಯಿತು. ನಮ್ಮಲ್ಲಿ ‘ಹಂಗಾಮು’ ಋತುವಾಗಿಯೇ ಉಳಿಯಿತು, ‘ಹಂಗಾಮಿ’ ತಾತ್ಕಾಲಿಕವಾಯಿತು. ಹಂಗಾಮಿ ನೌಕರ, ಹಂಗಾಮಿ ಸಭಾಪತಿ ಎನ್ನುತ್ತೇವಲ್ಲ. ‘ಹಂಗಾಮಿ ನಿರುದ್ಯೋಗ’ ಎಂದರೆ ಸದ್ಯಕ್ಕೆ ಕೆಲಸವಿಲ್ಲ, ಬೇಗ ಸಿಕ್ಕೀತು ಎಂಬ ಭರವಸೆಯ ಅರ್ಥ ಬಂದುಬಿಡುತ್ತದೆ. ಹೇಳಬೇಕಾದದ್ದು ಪ್ರತಿ ವರ್ಷ ಅದೇ ತಿಂಗಳುಗಳಲ್ಲಿ ಕೆಲಸ ನಿಲ್ಲುತ್ತದೆ ಎಂದು. ಷಷ್ಠಿ ಹಚ್ಚಿ ‘ಹಂಗಾಮಿನ ನಿರುದ್ಯೋಗ’ ಎನ್ನಿ, ಅಥವಾ ನೇರವಾಗಿ ‘ಮಳೆಗಾಲದ ನಿರುದ್ಯೋಗ’.

ಪುಣೆಯಿಂದ, 11:40

ಪದಕ್ಕಿಂತ ಮೊದಲು ಮೂರನೇ ಪುಟದ ಲೆಕ್ಕ ಸರಿ ಮಾಡಿಕೊಳ್ಳಿ. ‘ಬೇರೋಜಗಾರೀಚಾ ದರ’ (ನಿರುದ್ಯೋಗದ ದರ) ಎಂಬುದನ್ನು ‘ಜನಸಂಖ್ಯೆಯಲ್ಲಿ ಶೇ. ಇಷ್ಟು ನಿರುದ್ಯೋಗಿಗಳು’ ಎಂದು ಬರೆಯುವ ತಪ್ಪು ಕನ್ನಡ ಪತ್ರಿಕೆಗಳಲ್ಲೂ ಆಗುತ್ತದೆ. ಛೇದದಲ್ಲಿ ಜನಸಂಖ್ಯೆ ಇಲ್ಲ. ದುಡಿಯುತ್ತಿರುವವರು ಮತ್ತು ದುಡಿಯಲು ಸಿದ್ಧರಿದ್ದೂ ಕೆಲಸ ಸಿಗದವರು, ಈ ಇಬ್ಬರ ಮೊತ್ತ ಮಾತ್ರ ಇದೆ; ಅದನ್ನೇ ಶ್ರಮಬಲ ಎನ್ನುವುದು. 2023–24ರ ಪಿ.ಎಲ್.ಎಫ್.ಎಸ್. (ಕೇಂದ್ರ ಸರ್ಕಾರದ ಶ್ರಮಬಲ ಸಮೀಕ್ಷೆ) ವರದಿಯ ದೇಶದ ಅಂಕಿ ತೆಗೆದುಕೊಳ್ಳಿ. 15 ವರ್ಷ ಮೇಲ್ಪಟ್ಟ 100 ಜನರಲ್ಲಿ 60.1 ಮಂದಿ ಶ್ರಮಬಲದಲ್ಲಿ, 58.2 ಮಂದಿ ಕೆಲಸದಲ್ಲಿ. ಉಳಿದದ್ದು 1.9. ಅದನ್ನು 60.1ರಿಂದ ಭಾಗಿಸಿದರೆ ಶೇ. 3.2. ನೂರು ಜನರಲ್ಲಿ ಮೂವರಿಗೆ ಕೆಲಸವಿಲ್ಲ ಎಂದು ಬರೆದರೆ ತಪ್ಪು, ಪೂರ್ತಿ ಇಬ್ಬರೂ ಇಲ್ಲ.

ಇನ್ನು ‘ನಿರುದ್ಯೋಗಿ’. ನಿರ್ + ಉದ್ಯೋಗ ಎಂದು ಬಿಡಿಸಿದರೆ ಕೆಲಸವಿಲ್ಲದವರೆಲ್ಲ ಅದರೊಳಗೆ ಬರುತ್ತಾರೆ. ಸಮೀಕ್ಷೆಯಲ್ಲಿ ಹಾಗಿಲ್ಲ. ಓದುತ್ತಿರುವವರಿಗೆ 91, ಮನೆಗೆಲಸ ಮಾತ್ರ ಮಾಡುವವರಿಗೆ 92, ಪಿಂಚಣಿ ಅಥವಾ ಬಾಡಿಗೆಯಿಂದ ಬದುಕುವವರಿಗೆ 94 ಎಂಬ ಸಂಕೇತಗಳಿವೆ. ಅವರು ಶ್ರಮಬಲದ ಹೊರಗೆ. ನಿರುದ್ಯೋಗಿ ಎಂದರೆ 81 ಮಾತ್ರ, ಕೆಲಸ ಹುಡುಕುತ್ತಿರುವವರು ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವವರು. ಮನೆಯ ಅಂಗಡಿಯಲ್ಲೋ ಹೊಲದಲ್ಲೋ ಬಿಡಿಗಾಸಿಲ್ಲದೆ ಕೈಜೋಡಿಸುವ ಹೆಂಗಸಿಗೆ 21. ಆಕೆಯೂ ಲೆಕ್ಕದಲ್ಲಿ ಉದ್ಯೋಗಿಯೇ.

ನಿಮ್ಮ ನಾಕಾದವನ ವಿಚಾರ ಇಲ್ಲೇ ಇದೆ. ವಾರದ ಲೆಕ್ಕದಲ್ಲಿ ಹಿಂದಿನ ಏಳು ದಿನಗಳೊಳಗೆ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಅವನು ಕೆಲಸದಲ್ಲಿರುವವನು. ಐದು ದಿನ ಬರಿಗೈಯಲ್ಲಿ ಮರಳಿದವನು ನಿರುದ್ಯೋಗದ ದರದಲ್ಲಿ ಕಾಣುವುದೇ ಇಲ್ಲ. ಹಳೆಯ ಎನ್.ಎಸ್.ಎಸ್. (ರಾಷ್ಟ್ರೀಯ ಮಾದರಿ) ಸಮೀಕ್ಷೆಗಳ ದಿನದ ಲೆಕ್ಕದಲ್ಲಿ ವಾರವನ್ನು 14 ಅರ್ಧ ದಿನಗಳಾಗಿ ಒಡೆಯುತ್ತಿದ್ದರು. ಒಂದರಿಂದ ನಾಲ್ಕು ಗಂಟೆಯೊಳಗಿನ ದುಡಿಮೆ ಅರ್ಧ ದಿನ, ನಾಲ್ಕು ಮತ್ತು ಮೇಲೆ ಪೂರ್ತಿ ದಿನ. ಅದರಲ್ಲಿ ಅವನ ಬರಿ ದಿನಗಳು ಕಾಣುತ್ತಿದ್ದವು. ಕೋಷ್ಟಕದ ಕೆಳಗೆ ಯಾವ ಲೆಕ್ಕ ಎಂದು ಬರೆಯದಿದ್ದರೆ ಓದಿದವನು ಪುಟವನ್ನೇ ನಂಬುವುದಿಲ್ಲ, ನಂಬಬೇಕಾದ ಕಾರಣವೂ ಇಲ್ಲ. ಹೀಗೆ ಪೂರ್ತಿ ಕೆಲಸ ಸಿಗದಿರುವುದಕ್ಕೆ ಪಠ್ಯಗಳಲ್ಲಿ ‘ಅರೆ ಉದ್ಯೋಗ’ ಎನ್ನುತ್ತಾರೆ. ಅದನ್ನೇ ಬಳಸಿ.

ಮುಲುಂಡಿನಿಂದ, ಮಧ್ಯಾಹ್ನ 12:25

‘ಅರೆ ಉದ್ಯೋಗ’ ಅರಿಸಮಾಸ. ‘ಬಡತನ ರೇಖೆ’ ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತವನ್ನು ಹೊಲಿಯಬೇಕಾದ ಬಡತನ ಕನ್ನಡಕ್ಕೆ ಬಂದಿಲ್ಲ. ಅರೆ + ಕೆಲಸ, ಆದೇಶವಾಗಿ ‘ಅರೆಗೆಲಸ’. ಬಡತನಕ್ಕೆ ‘ಬಡತನದ ಗೆರೆ’. ನಿರುದ್ಯೋಗಕ್ಕೆ ‘ಕೆಲಸವಿಲ್ಲದಿಕೆ’. ಶ್ರಮಬಲಕ್ಕೆ ‘ದುಡಿಯುವ ಪಡೆ’. ಆದಾಯಕ್ಕೆ ‘ಗಳಿಕೆ’. ಓದುವವರು ಕೂಲಿಯವರು, ಪಂಡಿತರಲ್ಲ. ‘ಕೂಲಿ’ಯನ್ನೇ ನೋಡಿ. ಕೂಳಿಗಾಗಿ ಮಾಡುವುದು ಕೂಲಿ. ಎಷ್ಟು ನೇರ! ಅಂಥ ನುಡಿಯನ್ನು ಬಿಟ್ಟು ಆದಾಯ, ಉದ್ಯೋಗ, ವೇತನ ಎಂದು ಏಕೆ ತೊಡರಿಸಬೇಕು?

ಮಾಟುಂಗದಿಂದ, 12:50

ಕೂಳಿನಿಂದ ಕೂಲಿ ಬಂದಿಲ್ಲ. ಹಳಗನ್ನಡದಲ್ಲಿ ಅನ್ನದ ಪದ ‘ಕೂೞ್’, ರಳಾಕ್ಷರ; ತಮಿಳಿನಲ್ಲೂ ಅದು ಹಾಗೇ ಉಳಿದಿದೆ. ಕೂಲಿಯದ್ದು ಮೊದಲಿನಿಂದಲೂ ಲಕಾರ, ತಮಿಳಿನಲ್ಲೂ ಲಕಾರ. ಎರಡೂ ಬೇರೆ ಬೇರು. ಹೊಸಗನ್ನಡದಲ್ಲಿ ೞ ಹೋಗಿ ಳ ಆದ ಮೇಲೆ ಕಿವಿಗೆ ಹತ್ತಿರ ಕೇಳುತ್ತದೆ, ಅಷ್ಟೇ.

ಅರಿಸಮಾಸದ ಆಕ್ಷೇಪವೂ ನಿಲ್ಲದು. ‘ರೇಖಾ’ ‘ರೇಖೆ’ ಆದಾಗಲೇ ಕನ್ನಡದ ಪ್ರತ್ಯಯಕ್ಕೆ ಒಗ್ಗಿತು. ಗಮಕ, ಕ್ರಿಯಾಸಮಾಸಗಳಲ್ಲಿ ಈ ದೋಷ ಹೇಳುವುದಿಲ್ಲ ಎಂಬುದು ನಿಮಗೂ ಗೊತ್ತು. ‘ಅರೆಗೆಲಸ’ವನ್ನಂತೂ ಬೇಡವೆನ್ನುತ್ತೇನೆ, ಸಮಾಸಕ್ಕಾಗಿ ಅಲ್ಲ, ಅರ್ಥಕ್ಕಾಗಿ. ಅರೆಬರೆ ಮಾಡಿಟ್ಟ ಕೆಲಸ ಎಂದು ಓದುತ್ತಾರೆ. ಕೆಲಸ ಸಿಗದವನ ಮೇಲೆ ಕೆಲಸ ಕೆಡಿಸಿದ ಆರೋಪ ಬರುತ್ತದೆ.

ವಾಸ್ಕೊದಿಂದ, 1:30

ಗಳಿಕೆ, ವೇತನ ಎಲ್ಲಾ ಬಿಡ್ರಿ. ಅವರ ಬಾಯಾಗ ಇರೂದು ‘ಪಗಾರ’. ಪೋರ್ತುಗೀಸಿನ ‘ಪಗಾರ್’, ಕೊಡು, ಸಲ್ಲಿಸು ಅಂತ ಅರ್ಥ. ಗೋವಾದ ಕೊಂಕಣಿಗೆ, ಮರಾಠಿಗೆ ಬಂತು. ಬೆಳಗಾವಿ, ಧಾರವಾಡ, ವಿಜಯಪುರದ ಕನ್ನಡಕ್ಕೂ ಬಂತು. ಇಲ್ಲಿ ಬಂದರದಾಗ ದುಡಿಯೋ ಕನ್ನಡದವರು ಬ್ಯಾರೆ ಪದ ಆಡೂದಿಲ್ಲ. ‘ದಿನದ ಪಗಾರ’ ಅಂದ್ರ ಒಬ್ಬರಿಗೂ ಬಿಡಿಸಿ ಹೇಳಬೇಕಿಲ್ಲ.

ಮುಲುಂಡಿನಿಂದ, 1:48

ಪೋರ್ತುಗೀಸರ ಪದವನ್ನು ಕನ್ನಡದ ಕೈಪಿಡಿಯಲ್ಲಿ ಅಚ್ಚು ಹಾಕಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ‘ಸಂಬಳ’ ಇದೆಯಲ್ಲ.

ವಾಸ್ಕೊದಿಂದ, 2:02

‘ಸಂಬಳ’ ಕನ್ನಡದ್ದು ಅಂತ ಯಾರು ಹೇಳಿದ್ರು? ಸಂಸ್ಕೃತದ ‘ಶಂಬಲ’, ದಾರಿಯ ಬುತ್ತಿ. ‘ಜೀತ’ ಸಂಸ್ಕೃತದ ‘ಜೀವಿತ’. ‘ಬೇಕಾರ’, ‘ರೋಜು’ ಫಾರ್ಸಿ. ಒಂದೊಂದಾಗಿ ತೆಗೆದರ ದುಡಿಯುವವನ ಮಾತಿನಾಗ ಉಳಿಯೂದು ಏನು? ಎರಡು ಸಾವಿರ ವರ್ಷದ ಹಿಂದ ಬಂದ ಎರವಲಿಗೆ ಮಣೆ, ನಾನೂರು ವರ್ಷದ ಹಿಂದ ಬಂದದ್ದಕ್ಕ ಹೊಸ್ತಿಲ ಹೊರಗ ಜಾಗ, ಇದು ಯಾವ ನ್ಯಾಯ?

ಒಂದು ಮಾತ್ರ ನೆನಪಿಡ್ರಿ. ‘ಪಗಾರ’ ಒಪ್ಪಿದ್ದಕ್ಕ ‘ಉತ್ಪನ್ನ’ನೂ ಒಪ್ಪಬೇಕಂತಿಲ್ಲ. ಪಗಾರ ನಮ್ಮ ಮಾತಿನಾಗ ಅದೇ ಅರ್ಥದಾಗ ಬಂದು ಕೂತದ. ಉತ್ಪನ್ನಕ್ಕ ನಮ್ಮಲ್ಲಿ ಮೊದಲೇ ಬ್ಯಾರೆ ಅರ್ಥ ಐತಿ. ಎರವಲು ತಪ್ಪಲ್ಲ, ಇದ್ದ ಪದದ ಮ್ಯಾಲ ಬ್ಯಾರೆ ಅರ್ಥ ಹೇರೂದು ತಪ್ಪು.

ಪುಣೆಯಿಂದ, 3:15

ಬಡತನದ ಸಾಲಿಗೆ ಬರೋಣ, ಅಲ್ಲಿ ದೊಡ್ಡ ತಪ್ಪಿನ ಸಂಭವ ಇದೆ. ನಿಮ್ಮ ಕೈಪಿಡಿಯಲ್ಲಿ ಎರಡು ಬೇರೆ ಗೆರೆಗಳಿವೆ, ಒಂದೇ ಹೆಸರಿನಲ್ಲಿ.

ರೇಷನ್ ಕಾರ್ಡಿನದು ಆದಾಯದ ಗೆರೆ. 1999ರ ಮೂರು ಬಣ್ಣದ ಪದ್ಧತಿಯಲ್ಲಿ ಮಹಾರಾಷ್ಟ್ರ ಇಟ್ಟ ಮಿತಿ ಹೀಗಿದೆ: ಕುಟುಂಬದ ವರ್ಷದ ಆದಾಯ 15,000 ರೂಪಾಯಿವರೆಗೆ ಹಳದಿ, ಅಲ್ಲಿಂದ 1 ಲಕ್ಷದವರೆಗೆ ಕೇಸರಿ, ಅದರ ಮೇಲೆ ಬಿಳಿ. ಮೂರನೇ ಪುಟದ ಕೋಷ್ಟಕದ್ದು ಖರ್ಚಿನ ಗೆರೆ. ಬಡತನ ಅಳೆಯುವ ಬಗೆ ಹೇಳಿದ ತೆಂಡುಲ್ಕರ್ ಸಮಿತಿಯ ವಿಧಾನದಲ್ಲಿ ಒಬ್ಬರ ತಿಂಗಳ ಬಳಕೆ ಖರ್ಚು 2011–12ಕ್ಕೆ ದೇಶದ ಹಳ್ಳಿಗಳಲ್ಲಿ 816, ಪಟ್ಟಣಗಳಲ್ಲಿ 1,000 ರೂಪಾಯಿ. ಪ್ರತಿ ರಾಜ್ಯಕ್ಕೆ ಬೇರೆ ಗೆರೆ. ಅದರ ಪ್ರಕಾರ ಬಡವರು ಮಹಾರಾಷ್ಟ್ರದಲ್ಲಿ ಶೇ. 17.4, ಕರ್ನಾಟಕದಲ್ಲಿ ಶೇ. 20.9, ಗೋವಾದಲ್ಲಿ ಶೇ. 5.1. ಇಲ್ಲಿ ‘ತಲಾ ಆದಾಯ’ ಎಂದು ಬರೆದರೆ ಪೂರ್ತಿ ಸುಳ್ಳಾಗುತ್ತದೆ. ಆಸ್ಪತ್ರೆಗೆ ಸಾಲ ಮಾಡಿ ಖರ್ಚು ಮಾಡಿದವನ ಆದಾಯ ಏರಿರುವುದಿಲ್ಲ, ಖರ್ಚು ಏರಿರುತ್ತದೆ. ಮೊದಲ ಪುಟದಲ್ಲಿ ‘ಹಳದಿ ಕಾರ್ಡಿನ ಮಿತಿ’ ಎನ್ನಿ, ‘ಬಡತನ ರೇಖೆ’ಯನ್ನು ಮೂರನೇ ಪುಟಕ್ಕೆ ಮೀಸಲಿಡಿ.

‘ದಾರಿದ್ರ್ಯ’ ಬೇಡ. ಮರಾಠಿಯಲ್ಲಿ ಅದು ಸರ್ಕಾರಿ ಪದ, ನಮ್ಮಲ್ಲಿ ‘ದರಿದ್ರ’ ಬೈಗುಳ. ‘ಬಡ’ ಅಂದರೆ ಮೊದಲಿಗೆ ತೆಳು, ಸೊರಗಿದ್ದು. ಹಳಗನ್ನಡದ ‘ಬಡನಡು’, ಇಂದಿನ ‘ಬಡಕಲು’ ಅದೇ ಪದ. ಹೊಟ್ಟೆಗೆ ಸಾಲದೆ ಮೈ ಇಳಿದವನು ಬಡವ. ಇದೇ ಪುಣೆಯ ಗೋಖಲೆ ಸಂಸ್ಥೆಯಲ್ಲಿ ದಾಂಡೇಕರ್ ಮತ್ತು ರಥ್ 1971ರಲ್ಲಿ ಬಡತನ ಅಳೆಯಲು ಹಿಡಿದ ಮಾನ ದಿನಕ್ಕೆ 2,250 ಕ್ಯಾಲರಿ. ಕನ್ನಡದ ಪದ ಆ ಅಳತೆಯನ್ನು ಬಹಳ ಹಿಂದೆಯೇ ಒಳಗಿಟ್ಟುಕೊಂಡಿದೆ. ಇಂಥ ಪದ ಇರುವಾಗ ಬೇರೆಯದು ಯಾಕೆ?

ಮುಲುಂಡಿನಿಂದ, 3:40

ಇದಕ್ಕೆ ಪೂರ್ತಿ ಒಪ್ಪಿಗೆ. ಕೂೞ್ ವಿಷಯದಲ್ಲಿ ಮಾಟುಂಗದ ರಾಯರು ಹೇಳಿದ್ದು ಸರಿ, ಹಿಂತೆಗೆದುಕೊಂಡಿದ್ದೇನೆ. ಆದರೆ ‘ಗೆರೆ’ ಬಿಡುವುದಿಲ್ಲ. ಅರೆ ಉದ್ಯೋಗಕ್ಕೆ ‘ಸಾಲದ ಕೆಲಸ’ ಆಗದೇ?

ಮಾಟುಂಗದಿಂದ, 3:52

ಆಗದು. ‘ಸಾಲದ’ ಎಂದರೆ ಸಾಕಾಗದ, ‘ಸಾಲದ’ ಎಂದರೆ ಋಣದ. ಗುತ್ತಿಗೆದಾರನ ಮುಂಗಡ ತೀರಿಸಲು ದುಡಿಯುವವರು ಆ ಓದುಗರಲ್ಲೇ ಇದ್ದಾರೆ.

ವಾಸ್ಕೊದಿಂದ, 4:20

ಮುಂಗಡದ ಮಾತು ಬಂತು, ಅದಕ್ಕ ಇದನ್ನೂ ನೋಡ್ರಿ. ಮಹಾರಾಷ್ಟ್ರದ ಕಬ್ಬು ಕಡಿಯೋರಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೋಯತಾ’. ಕೋಯತಾ ಅಂದ್ರ ಕತ್ತಿ. ಕೂಲಿಯವರನ್ನ ಕೂಡಿಸೋ ಗುತ್ತಿಗೆದಾರ, ಅಂದ್ರ ಮುಕಾದಮ, ಮುಂಗಡ, ಅವರ ಮಾತಿನಾಗ ‘ಉಚಲ’, ಕೊಡೂದು ಕೋಯತಾಕ್ಕ, ತಲೆಗಲ್ಲ. ಹೆಂಡತಿಯ ದುಡಿಮೆ ಗಂಡನ ಹೆಸರಿನಾಗ ಮುಚ್ಚಿ ಹೋಗತದ. ಆದಾಯದ ಸಾಲಿನಾಗ ‘ಕುಟುಂಬ’ ಅನ್ನೋದನ್ನ ಬಿಡಿಸಿ ಬರೀರಿ: ಗಂಡ, ಹೆಂಡತಿ, ದುಡಿಯೋ ಮಕ್ಕಳು, ಊರ ಹೊಲದ್ದು ಸೇರಿ. ‘ಸರ್ವ ಮಾರ್ಗಾಂನೀ’ ಅಂದ್ರ ಅದೇ.

ಪುಣೆಯಿಂದ, 4:45

‘ವಾರ್ಷಿಕ’ಕ್ಕೂ ಒಂದು ಉದಾಹರಣೆ ಬೇಕೇ ಬೇಕು. ಆ ಖಾನೆಯಲ್ಲಿ ತಿಂಗಳದ್ದು ಬರೆಯುತ್ತಾರೆ, ಇಲ್ಲವೇ ದಿನದ ಪಗಾರವನ್ನು 365ರಿಂದ ಗುಣಿಸುತ್ತಾರೆ. ಎರಡೂ ತಪ್ಪು. ದಿನಕ್ಕೆ 700 ರೂಪಾಯಿ ಎಂದಿಟ್ಟುಕೊಳ್ಳಿ. 365ರಿಂದ ಗುಣಿಸಿದರೆ 2,55,500, ಬಿಳಿ ಕಾರ್ಡಿಗೆ ಹೋಗಿ ಬೀಳುತ್ತಾನೆ. ಎಂಟು ತಿಂಗಳು ತಿಂಗಳಿಗೆ 15 ದಿನ, ಮಳೆಗಾಲದ ನಾಲ್ಕು ತಿಂಗಳು ತಿಂಗಳಿಗೆ 5 ದಿನ ಕೆಲಸ ಸಿಕ್ಕಿದ್ದರೆ ಒಟ್ಟು 140 ದಿನ, 98,000 ರೂಪಾಯಿ. ಮನೆಯಲ್ಲಿ ಬೇರೆ ಆದಾಯವಿಲ್ಲದಿದ್ದರೆ ಕೇಸರಿಯ ಮಿತಿಯೊಳಗೆ. ‘ದುಡಿದ ದಿನಗಳನ್ನು ಮಾತ್ರ ಎಣಿಸಿ’ ಎಂಬ ವಾಕ್ಯವನ್ನು ದಪ್ಪಕ್ಷರದಲ್ಲಿ ಹಾಕಿ.

ಡೊಂಬಿವಲಿಯಿಂದ, ಶನಿವಾರ ಬೆಳಿಗ್ಗೆ 8:30

ಎಲ್ಲರಿಗೂ ಋಣಿ. ಅಚ್ಚಿಗೆ ಹೋಗುವ ರೂಪ ಇದು.

ಒಂದನೇ ಪುಟ: ‘ನಿಮ್ಮ ಮನೆಯವರ ಒಂದು ವರ್ಷದ ಒಟ್ಟು ಆದಾಯ. ಅರ್ಜಿಯಲ್ಲಿ ಇದನ್ನು ಉತ್ಪನ್ನ ಎಂದಿರುತ್ತದೆ. ಗಂಡ, ಹೆಂಡತಿ, ದುಡಿಯುವ ಮಕ್ಕಳ ಪಗಾರ ಮತ್ತು ಊರ ಹೊಲದ ಆದಾಯ ಸೇರಿಸಿ. ದುಡಿದ ದಿನಗಳನ್ನು ಮಾತ್ರ ಎಣಿಸಿ.’ ಕೆಳಗೆ 140 ದಿನದ ಲೆಕ್ಕ. ‘ಶಿಧಾಪತ್ರಿಕಾ’ ಬಂದಲ್ಲೆಲ್ಲ ‘ರೇಷನ್ ಕಾರ್ಡ್’.

ಮೂರನೇ ಪುಟ: ‘ಮಳೆಗಾಲದ ನಿರುದ್ಯೋಗ’, ‘ಪೂರ್ತಿ ಕೆಲಸ ಸಿಗದವರು’, ‘ಬಡತನ ರೇಖೆ (ತಿಂಗಳ ಖರ್ಚಿನ ಲೆಕ್ಕ)’. ಕೋಷ್ಟಕದ ಕೆಳಗೆ ನಿರುದ್ಯೋಗಿ ಎಂದರೆ ಯಾರು, ಯಾರಲ್ಲ ಎಂಬ ಎರಡು ಸಾಲು. ಶ್ರಮಬಲವನ್ನು ‘ದುಡಿಯುವವರು ಮತ್ತು ದುಡಿಯಲು ಸಿದ್ಧರಿರುವವರು’ ಎಂದು ಬಿಡಿಸಿದ್ದೇವೆ; ‘ಪಡೆ’ ಎಂದರೆ ಪೊಲೀಸರ ನೆನಪಾಗುತ್ತದೆ ಎಂದು ಕರಡು ಓದಿದ ಇಬ್ಬರು ಹೇಳಿದರು.

ಮುಲುಂಡಿನಿಂದ, 8:55

ರೇಖೆ ಉಳಿಸಿದ್ದೀರಿ. ‘ಗೆರೆ’ ಎಂದಿದ್ದರೆ ಒಂದಕ್ಷರವೂ ಹೆಚ್ಚಾಗುತ್ತಿರಲಿಲ್ಲ. ಫೈಲ್ ಇನ್ನೂ ಕೊಟ್ಟಿಲ್ಲ ತಾನೆ? ಸಂಜೆ 6ರವರೆಗೆ ಸಮಯವಿದೆ.