ಪದಚರ್ಚೆ: ಮುಖವಾಡಕ್ಕೆ ಬಣ್ಣ "ಬಳಿಯುವುದೋ", "ಹಚ್ಚುವುದೋ", "ತೀಡುವುದೋ"?

ಎಲ್ಲರಿಗೂ ನಮಸ್ಕಾರ.

ಕೆಲಸದ ಬಿಡುವಿನಲ್ಲಿ ಕಾಗದದ ಮುಖವಾಡ ಮಾಡಿ, ಕೈಯಲ್ಲೇ ಬಣ್ಣ ಹಾಕಿ ಮಾರುತ್ತೇನೆ. ಕೇಳಿದವರಿಗೆ ಕೇಳಿದ ಹಾಗೆ. ಪ್ರತಿ ಮುಖವಾಡದ ಜೊತೆ ಕಳಿಸಲು ಒಂದು ಚೀಟಿ ಅಚ್ಚು ಹಾಕಿಸಬೇಕಾಗಿದೆ. ನಾಲ್ಕೈದು ಸಾಲು ಅಷ್ಟೇ. ಅದನ್ನು ಒಳ್ಳೆಯ ಕನ್ನಡದಲ್ಲಿ ಬರೆಯಬೇಕೆಂಬ ಆಸೆ. ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕು.

ಮೊದಲು ವಸ್ತುವಿನ ಹೆಸರು. "ಮಾಸ್ಕ್" ಅಂದರೆ 2020ರಿಂದೀಚೆಗೆ ಮೂಗು ಬಾಯಿ ಮುಚ್ಚುವ ಬಟ್ಟೆಯೇ ನೆನಪಾಗುತ್ತದೆ. "ತೊಳೀಬಹುದಾ?" ಅಂತ ಕೇಳುವವರು ಈಗಲೂ ಇದ್ದಾರೆ. ಪತ್ರಿಕೆಗಳು ಆಗ ಬಳಸಿದ "ಮುಖಗವಸು" ಚೆನ್ನಾದ ಪದವೇ. ಆದರೆ ಗವಸು ಅಂದರೆ ಹೊದಿಕೆ. ಕೈಗೂ ಉಂಟು, ದಿಂಬಿಗೂ ಉಂಟು. ನನ್ನದಕ್ಕೆ ಅದು ಹೊಂದುವುದಿಲ್ಲ. ಉಳಿದದ್ದು "ಮುಖವಾಡ". "ಅವನ ಮುಖವಾಡ ಕಳಚಿಬಿತ್ತು" ಎಂಬ ಮಾತಿನಿಂದ ಅದಕ್ಕೆ ಮೋಸದ ವಾಸನೆ ಅಂಟಿದೆ, ನಿಜ. ಆದರೂ "ಕಾಗದದ ಮುಖವಾಡ" ಅಂದಾಗ ಯಾರೂ ಮೋಸವನ್ನು ನೆನೆಯುವುದಿಲ್ಲ ಅಲ್ವಾ? ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ.

ಜಾಸ್ತಿ ಕಾಡುತ್ತಿರುವುದು ಕ್ರಿಯಾಪದ. ಬಣ್ಣದ ಕೆಲಸಕ್ಕೆ ನಮ್ಮಲ್ಲಿ ಎಷ್ಟೊಂದು ಮಾತುಗಳಿವೆ ನೋಡಿ. ಗೋಡೆಗೆ ಬಳಿಯುತ್ತೇವೆ. ಗೇಟಿಗೆ ಹೊಡೆಯುತ್ತೇವೆ. ಗೆರೆಯೊಳಗೆ ತುಂಬುತ್ತೇವೆ. ಚಿತ್ರವನ್ನು ಬರೆಯುತ್ತೇವೆ, ಬಿಡಿಸುತ್ತೇವೆ. "ಬಣ್ಣ ಹಚ್ಚಿದವರು" ಅಂದರೆ ನಾಟಕದಲ್ಲಿ ಪಾತ್ರ ಮಾಡಿದವರು. ಹಾಗಾಗಿ "ಬಣ್ಣ ಹಚ್ಚಿದ ಮುಖ" ಅಂದಕೂಡಲೇ ಕಣ್ಣ ಮುಂದೆ ಬರುವುದು ನಟರು. ಮುಖವಾಡಕ್ಕೂ ಹಚ್ಚು ಅಂದರೆ ಎರಡೂ ಕಲೆಸಿಹೋಗುತ್ತವೆ ಅಂತ ನನಗೆ ಅನಿಸುತ್ತದೆ.

ಕೆಲಸ ಮಾಡುವಾಗ ಇವೆಲ್ಲವೂ ಒಂದಾದ ಮೇಲೊಂದು ಬರುತ್ತವೆ. ಅಚ್ಚಿನ ಮೇಲೆ ಅಂಟಿಸಿದ ಕಾಗದದ ಪಟ್ಟಿಗಳು ಪೂರ್ತಿ ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜುತ್ತೇನೆ. ಆಮೇಲೆ ಇಡೀ ಮುಖಕ್ಕೆ ಬಿಳಿ ಬಳಿಯುತ್ತೇನೆ. ಅದರ ಮೇಲೆ ಮೈಬಣ್ಣ ಹಾಕುತ್ತೇನೆ. ತುಟಿಗೆ ಗೆರೆ ಎಳೆದು ಬಣ್ಣ ತುಂಬುತ್ತೇನೆ. ಹುಬ್ಬಿಗೆ ಬಂದಾಗ ಮಾತ್ರ ಬೇರೆ ಕೈ ಬೇಕು. ತೆಳು ಕುಂಚದ ತುದಿಯನ್ನು ಮೂಗಿನ ಬುಡದಲ್ಲಿ ಇಟ್ಟು, ಒತ್ತಡ ಸಡಿಲಿಸುತ್ತಾ, ಕಿವಿಯ ಕಡೆಗೆ ಒಂದೇ ಎಳೆತ. ಅದು ಬಳಿಯುವುದೂ ಅಲ್ಲ, ತುಂಬುವುದೂ ಅಲ್ಲ. ಅದು ತೀಡುವುದು. ಕಾಡಿಗೆ ತೀಡುತ್ತೇವಲ್ಲ, ಅದೇ ತೀಡು. "ತಿದ್ದಿ ತೀಡಿದ ಹುಬ್ಬು" ಅನ್ನುವ ಮಾತು ಹೇಗೂ ಬಳಕೆಯಲ್ಲಿದೆ. ಚೀಟಿಯಲ್ಲಿ "ಕೈಯಿಂದ ತಿದ್ದಿ ತೀಡಿದ ಮುಖವಾಡ" ಎಂದು ಬರೆದರೆ ಹೇಗೆ? ನನಗಂತೂ ತುಂಬಾ ಹಿಡಿಸಿದೆ. ಇಡೀ ಮುಖವಾಡಕ್ಕೆ ಈ ಮಾತು ಹಿಗ್ಗುತ್ತದೆಯೇ, ಅಥವಾ ಹುಬ್ಬಿಗೆ, ಕಣ್ಣಿಗೆ ಮಾತ್ರ ಒಪ್ಪುತ್ತದೆಯೇ, ತಿಳಿದವರು ಹೇಳಬೇಕು.

ಇದರ ಜೊತೆಗೇ ಇನ್ನೊಂದು. ಅಕ್ರಿಲಿಕ್ ಬಣ್ಣ ಹಸಿಯಿದ್ದಾಗ ಸ್ವಲ್ಪ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ಅದರೊಳಗಿನ ಅಂಟು ನೀರಿರುವ ತನಕ ಹಾಲಿನಂತೆ ಬೆಳ್ಳಗಿದ್ದು, ನೀರು ಆರಿದ ಮೇಲೆ ಗಾಜಿನಂತೆ ಪಾರದರ್ಶಕವಾಗುವುದೇ ಕಾರಣ. ಅರ್ಧ ಕೆಲಸದ ಫೋಟೋ ಕಳಿಸಿದರೆ "ಇನ್ನೂ ಸ್ವಲ್ಪ ಗಾಢ ಮಾಡಿ" ಅನ್ನುತ್ತಾರೆ. "ಒಣಗಲಿ, ತಾನೇ ಆಗುತ್ತೆ" ಅಂತ ತಿಳಿಸಿ ಹೇಳಬೇಕಾಗುತ್ತದೆ. ಬಣ್ಣ ಹೋಗುವುದಕ್ಕೆ ಮಾಸು, ಮಂಕಾಗು, ಬಿಳಿಚು ಅಂತ ಬೇಕಾದಷ್ಟು ಮಾತುಗಳಿವೆ. ಹೀಗೆ ಒಣಗುತ್ತಾ ಗಾಢವಾಗುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? "ಬಣ್ಣ ಹತ್ತಿತು" ಅಂದರೆ ಬಟ್ಟೆಗೆ, ಕೈಗೆ ಅಂಟಿತು ಎಂಬ ಅರ್ಥವೂ ಬರುತ್ತದೆ.

"ಕಸ್ಟಮ್" ಅನ್ನುವುದಕ್ಕೆ "ಹೇಳಿ ಮಾಡಿಸಿದ" ಇದ್ದೇ ಇದೆ. ತಕ್ಕುದಾಗಿದೆ ಎಂಬ ಅರ್ಥವೂ ಅದರಲ್ಲೇ ಸೇರಿಕೊಂಡಿರುವುದು ಇನ್ನೂ ಒಳ್ಳೆಯದು. ಆದರೆ ಅದು ಕೊಳ್ಳುವವರ ಬಾಯಿಯ ಮಾತು. ಮಾಡಿಸುವವರು ಅವರು, ಮಾಡಿಕೊಡುವವಳು ನಾನು. ಚೀಟಿಯಲ್ಲಿ ಮಾತಾಡುತ್ತಿರುವುದು ನಾನಾದ್ದರಿಂದ "ಹೇಳಿದಂತೆ ಮಾಡಿಕೊಡುತ್ತೇನೆ" ಅಂತಲೇ ಬರೆಯುವುದು ಸರಿ ಅನ್ನಿಸಿದೆ. ಬಿಲ್ಲಿನಲ್ಲಿ ಸಾಮಾನಿನ ಖರ್ಚು ಬೇರೆ, ಕೈಕೆಲಸದ್ದು ಬೇರೆ ತೋರಿಸುತ್ತೇನೆ. ಎರಡನೆಯದಕ್ಕೆ ಚಿನ್ನಬೆಳ್ಳಿಯವರ "ಮಜೂರಿ"ಯನ್ನೇ ತೆಗೆದುಕೊಂಡಿದ್ದೇನೆ. "ಸೈಡ್ ಬಿಸಿನೆಸ್"ಗೆ "ಉಪಕಸುಬು" ಸಾಕು. ಹವ್ಯಾಸ ಅಂದರೆ ಸುಮ್ನೆ ಕೊಡ್ತಾರೆ ಅಂದುಕೊಳ್ಳುತ್ತಾರೆ.

ಕೊನೆಯದು, ಮಾಡುವವರ ಹೆಸರು. ವೆನಿಸ್ ನಗರದಲ್ಲಿ ಮುಖವಾಡ ಮಾಡುವವರನ್ನು "ಮಸ್ಕರೇರಿ" ಎಂದು ಕರೆಯುತ್ತಿದ್ದರು. ಅವರು ಚಿತ್ರಕಾರರ ಸಂಘದ ಜೊತೆಗಿದ್ದವರು. 1436ರಲ್ಲೇ ಅವರ ಕಸುಬಿಗೆ ಪ್ರತ್ಯೇಕ ನಿಯಮಾವಳಿ ಇತ್ತು. ಕನ್ನಡದಲ್ಲಿ ಇಂಥ ಒಂದೇ ಪದ ನನಗೆ ಸಿಕ್ಕಿಲ್ಲ. "ಮುಖವಾಡ ಕಲಾವಿದೆ" ಸ್ವಲ್ಪ ದೊಡ್ಡದಾಯಿತು. "ಮುಖವಾಡಗಾರ" ಆಗಬಹುದು, ಬಳೆಗಾರ ಇಲ್ಲವೇ? ನನ್ನ ಮನಸ್ಸು ಮಾತ್ರ ಹೂವಾಡಿಗ, ಹೂವಾಡಗಿತ್ತಿಯ ಕಡೆಗೇ ಎಳೆಯುತ್ತಿದೆ. ಹೂ ಕಟ್ಟುವವರೂ ಅವರೇ, ಮಾರುವವರೂ ಅವರೇ. ನನ್ನ ಕೆಲಸವೂ ಹಾಗೆಯೇ. ಮುಖವಾಡಿಗ, ಮುಖವಾಡಗಿತ್ತಿ. "ಮುಖವಾಡ"ದಲ್ಲಿ "ವಾಡ" ಮೊದಲೇ ಇರುವುದರಿಂದ ಕಿವಿಗೆ ಹೊಸದು ಅನ್ನಿಸುವುದಿಲ್ಲ. ಚೀಟಿಯ ಕೆಳಗೆ ಹೆಸರಿನ ಜೊತೆ "ಮುಖವಾಡಗಿತ್ತಿ" ಅಂತ ಹಾಕಿದರೆ ಓದುವವರಿಗೆ ಸಲೀಸಾಗಿ ಅರ್ಥವಾಗುತ್ತದೆಯೇ? ಇದೇ ಅರ್ಥದ ಹಳೆಯ ಪದ ಯಾರಾದರೂ ಕೇಳಿದ್ದರೆ ಅದನ್ನೂ ತಿಳಿಸಿ. ಚೀಟಿ ಅಚ್ಚಿಗೆ ಹೋಗುವ ಮೊದಲು ಬದಲಿಸಲು ಸಮಯವಿದೆ.