ಫೋನು ಟವರ್ ಅನ್ನು ನಂಬುವುದು ಯಾವ ಹಂತದಲ್ಲಿ? ಐಎಂಎಸ್‌ಐ ಗೋಪ್ಯತೆಯ ಬಗ್ಗೆ ಒಂದು ಸಂದೇಹ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೊಬೈಲ್ ಜಾಲಗಳ ಭದ್ರತೆಯನ್ನು ಈಗಷ್ಟೇ ಓದಲು ತೊಡಗಿದ್ದೇನೆ. 2ಜಿಯಲ್ಲಿ ಜಾಲವು ಸಿಮ್ ಕಾರ್ಡನ್ನು ಪರೀಕ್ಷಿಸುತ್ತಿತ್ತೇ ಹೊರತು ಸಿಮ್ ಕಾರ್ಡು ಜಾಲವನ್ನು ಪರೀಕ್ಷಿಸುತ್ತಿರಲಿಲ್ಲ, ಆದ್ದರಿಂದಲೇ ನಕಲಿ ಟವರ್ ನಿಲ್ಲಿಸಿ ಸುತ್ತಲಿನ ಫೋನುಗಳ ಐಎಂಎಸ್‌ಐ ಸಂಖ್ಯೆಗಳನ್ನು (ಪ್ರತಿ ಸಿಮ್‌ಗೂ ಇರುವ ಶಾಶ್ವತ ಗುರುತಿನ ಸಂಖ್ಯೆಗಳನ್ನು) ಕಲೆಹಾಕುವುದು ಸುಲಭವಾಗಿತ್ತು ಎಂಬುದು ಅರ್ಥವಾಯಿತು. ಆದರೆ 3ಜಿಯಿಂದ ಈಚೆಗೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ದೃಢೀಕರಿಸುತ್ತಾರೆ ಎಂದು ಓದಿದ್ದೇನೆ. ಹಾಗಿದ್ದ ಮೇಲೆ 3ಜಿ, 4ಜಿಗಳಲ್ಲಿಯೂ ಇಂಥ ನಕಲಿ ಟವರ್‌ಗಳು, ಅಂದರೆ ಐಎಂಎಸ್‌ಐ ಕ್ಯಾಚರ್‌ಗಳು, ಕೆಲಸ ಮಾಡಿದ್ದು ಹೇಗೆ? 5ಜಿ ಬಂದ ಮೇಲೆ ಈ ತೊಂದರೆ ನಿಜವಾಗಿಯೂ ತೀರಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಿಮ್ಮ ಸಂದೇಹದ ಬೇರು ಇರುವುದು ಕ್ರಮದಲ್ಲಿ, ಅಂದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. ಸಿಮ್‌ನಲ್ಲಿಯೂ ಚಂದಾದಾರನ ಸ್ವಂತ ಕಂಪನಿಯ ದತ್ತಸಂಚಯದಲ್ಲಿಯೂ ಒಂದೇ ರಹಸ್ಯ ಕೀಲಿ ಇರುತ್ತದೆ. ದೃಢೀಕರಣದ ಲೆಕ್ಕಾಚಾರವೆಲ್ಲ ಆ ಕೀಲಿಯ ಮೇಲೆ ನಿಂತಿದೆ. ಆದರೆ ಕೋಟ್ಯಂತರ ಕೀಲಿಗಳಲ್ಲಿ ಯಾವುದನ್ನು ಹೊರತೆಗೆಯಬೇಕೆಂದು ಜಾಲಕ್ಕೆ ಗೊತ್ತಾಗಬೇಕಾದರೆ ಫೋನು ಮೊದಲು ತಾನು ಯಾರೆಂದು ಹೇಳಲೇಬೇಕು. ಹೀಗಾಗಿ ಪರಸ್ಪರ ದೃಢೀಕರಣ ಆರಂಭವಾಗುವುದೇ ಗುರುತು ಹೇಳಿಯಾದ ಮೇಲೆ.

ಸಾಮಾನ್ಯವಾಗಿ ಫೋನು ತಾತ್ಕಾಲಿಕ ಸಂಖ್ಯೆಯೊಂದನ್ನು ಬಳಸುತ್ತದೆ. ಆದರೆ 'ಈ ತಾತ್ಕಾಲಿಕ ಸಂಖ್ಯೆ ನನಗೆ ತಿಳಿಯದು, ನಿಜವಾದ ಐಎಂಎಸ್‌ಐ ಕೊಡು' ಎಂದು ಟವರ್ ಕೇಳಿದರೆ 3ಜಿ, 4ಜಿ ಫೋನುಗಳು ಅದನ್ನು ಬಹಿರಂಗವಾಗಿಯೇ ಕಳುಹಿಸುತ್ತವೆ. ನಕಲಿ ಟವರ್‌ಗೆ ಬೇಕಾಗಿರುವುದು ಅಷ್ಟೇ. ಮುಂದಿನ ಹಂತದಲ್ಲಿ ಅದು ತನ್ನನ್ನು ಸಾಬೀತುಪಡಿಸಲಾರದೆ ಸಿಕ್ಕಿಬಿದ್ದರೂ ಐಎಂಎಸ್‌ಐ ಆಗಲೇ ಅದರ ಕೈಸೇರಿರುತ್ತದೆ.

5ಜಿಯಲ್ಲಿ ಮಾಡಿದ ಬದಲಾವಣೆ ಇದೇ ಜಾಗಕ್ಕೆ ಮದ್ದು. ಶಾಶ್ವತ ಗುರುತಿಗೆ ಅಲ್ಲಿ ಸುಪಿ ಎಂದು ಹೆಸರು. ಸ್ವಂತ ಜಾಲದ ಸಾರ್ವಜನಿಕ ಕೀಲಿಯನ್ನು ಸಿಮ್‌ನಲ್ಲಿ ಇಟ್ಟಿರುತ್ತಾರೆ. ಫೋನು ಪ್ರತಿ ಸಲವೂ ಹೊಸದೊಂದು ತಾತ್ಕಾಲಿಕ ಕೀಲಿಜೋಡಿಯನ್ನು ಹುಟ್ಟಿಸಿ, ಸುಪಿಯನ್ನು ಗೂಢಲಿಪಿಗೆ ಇಳಿಸಿ, ಸುಸಿ ಎಂಬ ರೂಪದಲ್ಲಿ ಕಳುಹಿಸುತ್ತದೆ. ಒಂದೇ ಫೋನಿನ ಎರಡು ಸುಸಿಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ದೇಶದ ಮತ್ತು ಕಂಪನಿಯ ಸಂಕೇತಾಂಕಗಳನ್ನು ಮಾತ್ರ ಮುಚ್ಚುವಂತಿಲ್ಲ, ಏಕೆಂದರೆ ಸಂದೇಶವನ್ನು ಯಾವ ಜಾಲಕ್ಕೆ ತಲುಪಿಸಬೇಕೆಂದು ಅವುಗಳಿಂದಲೇ ತಿಳಿಯಬೇಕು. ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ: ರೋಮಿಂಗ್‌ನಲ್ಲಿರುವಾಗ ಅತಿಥಿ ಜಾಲದ (ಆಗ ಬಳಸುತ್ತಿರುವ ಬೇರೆ ಕಂಪನಿಯ ಜಾಲದ) ಮಾತನ್ನು ಹಾಗೆಯೇ ನಂಬದೆ, 5ಜಿ-ಎಕೆಎ ಎಂಬ ದೃಢೀಕರಣ ಪದ್ಧತಿಯಲ್ಲಿ ಫೋನಿನ ಉತ್ತರವನ್ನು ಸ್ವಂತ ಜಾಲವೂ ಪರಿಶೀಲಿಸುತ್ತದೆ. ಆ ಪರಿಶೀಲನೆ ಮುಗಿದ ಮೇಲೆಯೇ ಅತಿಥಿ ಜಾಲಕ್ಕೆ ಸುಪಿಯನ್ನು ತಿಳಿಸುತ್ತದೆ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ, ಆದರೆ ಅದನ್ನು ಓದಿ ನೆಮ್ಮದಿಯಾಗಿ ಕೂರಬಾರದು ಎಂಬುದು ನನ್ನ ಅಭಿಪ್ರಾಯ. ಫೋನಿನ ಪರದೆಯ ಮೇಲೆ 5ಜಿ ಎಂದು ಕಾಣಿಸಿದರೂ ರೇಡಿಯೊ ಮಾತ್ರ ಹೊಸದಾಗಿದ್ದು, ಹಿಂದಿರುವ ಕೇಂದ್ರ ಜಾಲ 4ಜಿಯದೇ ಆಗಿರಬಹುದು. 'ನಾನ್ ಸ್ಟ್ಯಾಂಡ್‌ಅಲೋನ್' ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಸುಸಿಯ ರಕ್ಷಣೆ ಇರುವುದಿಲ್ಲ. ಪೂರ್ಣ 5ಜಿ ಜಾಲದಲ್ಲಿಯೂ ಕಂಪನಿಯು ಸಿಮ್‌ಗೆ ಸಾರ್ವಜನಿಕ ಕೀಲಿಯನ್ನು ಹಾಕಿರದಿದ್ದರೆ 'ಶೂನ್ಯ ವಿಧಾನ' ಬಳಕೆಯಾಗುತ್ತದೆ, ಅಂದರೆ ಸುಸಿ ಎಂಬ ಹೆಸರಿನಲ್ಲಿ ಹೋಗುವುದು ಮುಚ್ಚಿಲ್ಲದ ಸುಪಿಯೇ.

ಇದಕ್ಕಿಂತ ದೊಡ್ಡ ಚಿಂತೆ ಕೆಳಗಿಳಿಸುವ ದಾಳಿಯದು. ದೃಢೀಕರಣಕ್ಕೆ ಮುಂಚೆ ಬರುವ ಕೆಲವು ನಿರಾಕರಣೆ ಸಂದೇಶಗಳಿಗೆ ಯಾವ ರಕ್ಷಣೆಯೂ ಇಲ್ಲದ ಕಾರಣ, ನಕಲಿ ಟವರ್ ಅಂಥದೊಂದನ್ನು ಕಳುಹಿಸಿ ಫೋನನ್ನು ಹಳೆಯ ತಲೆಮಾರಿನ ಜಾಲಕ್ಕೆ ತಳ್ಳಬಹುದು. 2ಜಿಗೆ ಇಳಿದ ಫೋನಿಗೆ ಟವರ್ ಅನ್ನು ಪರೀಕ್ಷಿಸುವ ದಾರಿಯೇ ಇಲ್ಲ. ಅಲ್ಲಿ ಬಳಸುವ ಎ5/1 ಗೂಢಲಿಪಿಯ ಕೀಲಿ 64 ಬಿಟ್‌ನದು. ಅದನ್ನು ಮುರಿಯುವ ಕೋಷ್ಟಕಗಳನ್ನು ಸಿದ್ಧಪಡಿಸುವ ಕೆಲಸ 2009ರಲ್ಲಿಯೇ ಬಹಿರಂಗವಾಗಿ ನಡೆದಿತ್ತು. ಆಂಡ್ರಾಯ್ಡ್ 12ರಿಂದ ಈಚೆಗೆ, ಅದಕ್ಕೆ ಬೆಂಬಲವಿರುವ ಫೋನುಗಳಲ್ಲಿ, 2ಜಿಯನ್ನು ನಿಲ್ಲಿಸುವ ಆಯ್ಕೆ ಇದೆ. ತುರ್ತು ಕರೆಗೆ ಅದರಿಂದ ಅಡ್ಡಿಯಾಗದು. ಐಫೋನಿನಲ್ಲಿ ಲಾಕ್‌ಡೌನ್ ಮೋಡ್ ಆರಿಸಿಕೊಂಡರೆ, ಐಒಎಸ್ 17ರಿಂದ, 2ಜಿ ನಿಂತುಹೋಗುತ್ತದೆ. ನಿಮ್ಮ ಊರಿನ ಜಾಲ 2ಜಿಯನ್ನೇ ನೆಚ್ಚಿಕೊಂಡಿಲ್ಲವಾದರೆ ಇದನ್ನು ಇಂದೇ ಮಾಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗುರುತು ಮೊದಲು, ದೃಢೀಕರಣ ಆಮೇಲೆ ಎಂಬ ಮಾತಿನಿಂದ ಗೊಂದಲ ತಿಳಿಯಾಯಿತು. ಒಂದು ಉಪಪ್ರಶ್ನೆ: ರೇಡಿಯೊ ಕೊಂಡಿ ಭದ್ರವಾಗಿದೆ ಎಂದೇ ಇಟ್ಟುಕೊಳ್ಳೋಣ. ಆಗ ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಯನ್ನು ನಂಬಬಹುದೇ?

ಉತ್ತರ 3

ನಂಬಲಾಗದು, ಏಕೆಂದರೆ ಒಟಿಪಿಯ ದಾರಿಯಲ್ಲಿ ರೇಡಿಯೊ ಕೊಂಡಿ ಕಡೆಯ ತುಣುಕು ಮಾತ್ರ. ಕಂಪನಿಗಳ ನಡುವೆ ಸಂದೇಶಗಳನ್ನು ಸಾಗಿಸುವ ಎಸ್‌ಎಸ್7 ವ್ಯವಸ್ಥೆ ರೂಪುಗೊಂಡಾಗ ಜಾಲದೊಳಗಿರುವವರೆಲ್ಲ ನಂಬಿಕಸ್ಥರು ಎಂಬ ಗ್ರಹಿಕೆ ಇತ್ತು. 'ಈ ಚಂದಾದಾರ ಈಗ ನನ್ನ ಜಾಲದಲ್ಲಿದ್ದಾನೆ' ಎಂದು ಯಾರಾದರೂ ಹೇಳಿಕೊಂಡರೆ, ಪರಿಶೀಲಿಸುವ ಏರ್ಪಾಡನ್ನು ಕಂಪನಿ ತಾನಾಗಿ ಮಾಡಿಕೊಂಡಿರದಿದ್ದರೆ, ಅವನ ಎಸ್‌ಎಂಎಸ್‌ಗಳು ಅತ್ತ ಹೋಗುತ್ತವೆ. ಇದರ ಅಪಾಯವನ್ನು 2014ರಲ್ಲಿ ಹ್ಯಾಂಬರ್ಗ್‌ನ ಸಮ್ಮೇಳನದಲ್ಲಿ ಸಂಶೋಧಕರು ತೋರಿಸಿಕೊಟ್ಟಿದ್ದರು. 2017ರಲ್ಲಿ ಜರ್ಮನಿಯಲ್ಲಿ ಬ್ಯಾಂಕ್ ಗ್ರಾಹಕರ ದೃಢೀಕರಣ ಸಂಕೇತಗಳನ್ನು ಇದೇ ದಾರಿಯಲ್ಲಿ ತಿರುಗಿಸಿಕೊಂಡು ಹಣ ಕದ್ದದ್ದು ಬೆಳಕಿಗೆ ಬಂತು.

ಸಿಮ್ ಬದಲಾವಣೆಯ ವಂಚನೆಗೆ ಇಷ್ಟು ತಂತ್ರಜ್ಞಾನವೂ ಬೇಡ. ನನ್ನ ಸಂಬಂಧಿಯೊಬ್ಬರ ಫೋನಿನಲ್ಲಿ ಒಂದು ಸಂಜೆ ಸಿಗ್ನಲ್ ಇಲ್ಲವಾಯಿತು. ಜಾಲದ ದೋಷವೆಂದುಕೊಂಡು ಅವರು ಬೆಳಗಿನವರೆಗೆ ಕಾದರು. ಅಷ್ಟರಲ್ಲಿ ಅವರ ಸಂಖ್ಯೆ ಬೇರೊಬ್ಬರ ಸಿಮ್‌ಗೆ ವರ್ಗವಾಗಿತ್ತು, ಇಮೇಲ್ ಖಾತೆ ಕೈತಪ್ಪಿತ್ತು. ಅವರ ಮುಖದಲ್ಲಿ ಆ ದಿನ ಕಂಡ ದಿಗಿಲನ್ನು ನಾನು ಮರೆತಿಲ್ಲ. ಸಿಮ್‌ನೊಳಗಿನ ಕೀಲಿಯನ್ನು ಯಾರೂ ಮುರಿದಿರಲಿಲ್ಲ. ಹೊಸ ಸಿಮ್ ನೀಡುವ ಮುನ್ನ ನಿಜವಾದ ಮಾಲೀಕ ಯಾರೆಂದು ನೋಡುವವರು ಸರಿಯಾಗಿ ನೋಡಿರಲಿಲ್ಲ. ಸಾಧ್ಯವಿರುವಲ್ಲೆಲ್ಲ ಅಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ಕೀ ಬಳಸಿ, ಸಿಮ್‌ಗೆ ಪಿನ್ ಹಾಕಿ. ಆದರೆ ಕದ್ದ ಸಿಮ್ ಅನ್ನು ಬಳಸದಂತೆ ಮಾತ್ರ ಈ ಪಿನ್ ತಡೆಯುತ್ತದೆ, ಸಂಖ್ಯೆಯ ವರ್ಗಾವಣೆಯನ್ನಲ್ಲ.

ಉತ್ತರ 4

ಮೂಲ ಪ್ರಶ್ನೆಗೆ ಸಂಬಂಧಿಸಿದ ಒಂದು ಅಂಶ ಉಳಿದಿದೆ. ಗುರುತನ್ನು ಪೂರ್ತಿ ಮುಚ್ಚಿದರೂ ಫೋನನ್ನು ಪತ್ತೆಹಚ್ಚಲು ಬರುತ್ತದೆ. ದೃಢೀಕರಣದ ವೇಳೆ ಜಾಲ ಕಳುಹಿಸುವ ಸವಾಲಿನೊಂದಿಗೆ (ಫೋನು ತನ್ನ ರಹಸ್ಯ ಕೀಲಿ ಬಳಸಿ ಉತ್ತರಿಸಬೇಕಾದ ಸಂಖ್ಯೆಯೊಂದಿಗೆ) ಒಂದು ಅನುಕ್ರಮ ಸಂಖ್ಯೆಯೂ ಅದೇ ಕೀಲಿಯಿಂದ ಮಾಡಿದ ಒಂದು ದೃಢೀಕರಣ ಸಂಕೇತವೂ ಇರುತ್ತವೆ. ನಿಮ್ಮ ಫೋನಿಗಾಗಿ ಹಿಂದೆ ಬಂದಿದ್ದ ಸವಾಲನ್ನು ದಾಳಿಕೋರನು ಹಿಡಿದಿಟ್ಟುಕೊಂಡು, ಬೇರೊಂದು ಕಡೆ ಎಲ್ಲ ಫೋನುಗಳಿಗೂ ಅದನ್ನೇ ಮತ್ತೆ ಕಳುಹಿಸುತ್ತಾನೆಂದು ಭಾವಿಸಿ. ಇತರರ ಫೋನುಗಳು 'ಸಂಕೇತ ತಪ್ಪಾಗಿದೆ' ಎನ್ನುತ್ತವೆ; ನಿಮ್ಮದೊಂದು ಮಾತ್ರ 'ಸಂಕೇತ ಸರಿ, ಅನುಕ್ರಮ ಸಂಖ್ಯೆ ಹಳೆಯದು' ಎನ್ನುತ್ತದೆ. ನೀವು ಅಲ್ಲಿದ್ದೀರಿ ಎಂಬುದಕ್ಕೆ ಆ ಉತ್ತರವೇ ಸಾಕ್ಷಿ. 3ಜಿಯಲ್ಲಿನ ಈ ದೋಷವನ್ನು 2012ರಲ್ಲಿ ಸಂಶೋಧಕರು ಪ್ರಕಟಿಸಿದ್ದರು. 2018ರಲ್ಲಿ 5ಜಿ-ಎಕೆಎ ಪದ್ಧತಿಯನ್ನು ಗಣಿತದ ನಿಷ್ಠುರತೆಯಿಂದ ಪರಿಶೀಲಿಸಿದಾಗ ಅದು ಅಲ್ಲಿಯೂ ಉಳಿದುಕೊಂಡಿರುವುದು ಕಂಡುಬಂತು. ಎರಡು ಬಗೆಯ ವೈಫಲ್ಯಗಳಿಗೂ ಹೊರಗಿನವರಿಗೆ ಒಂದೇ ರೀತಿ ಕಾಣುವ ಉತ್ತರ ಕೊಡುವಂತೆ ಮಾಡಿದರೆ ಈ ಸೋರಿಕೆ ನಿಲ್ಲುತ್ತದೆ. ಓದು ಮುಂದುವರಿಸುವಾಗ ಸುಸಿಯಷ್ಟೇ ಗಮನವನ್ನು ಈ ವೈಫಲ್ಯ ಸಂದೇಶಗಳಿಗೂ ಕೊಡಿ ಎಂದು ಕೇಳಿಕೊಳ್ಳುತ್ತೇನೆ.