ಪ್ರಾಜೆಕ್ಟ್ ವರದಿಗಳು ನಕಲಾಗದಂತೆ ಸಂಶೋಧನೆ ಕಲಿಸುವುದು ಹೇಗೆ? ಗ್ರಂಥಪಾಲಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ವಿಜ್ಞಾನ ಶಿಕ್ಷಕಿ): ನಮಸ್ಕಾರ ಸರ್. ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತೇನೆ. ಕಳೆದ ಬಾರಿ ‘ಜೇನುನೊಣಗಳು’ ಎಂಬ ವಿಷಯದ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದೆ. ಬಂದ ವರದಿಗಳಲ್ಲಿ ಹೆಚ್ಚಿನವು ಗೂಗಲ್‌ನಲ್ಲಿ ಮೊದಲು ಸಿಕ್ಕ ಎರಡು ಮೂರು ಪುಟಗಳ ನಕಲಾಗಿದ್ದವು. ಈ ಬಾರಿ ಮಾಹಿತಿ ಹುಡುಕಿ ಬಳಸುವುದನ್ನು ಹಂತಹಂತವಾಗಿ ಕಲಿಸುವ ‘ಬಿಗ್ ಸಿಕ್ಸ್’ ಮಾದರಿಯ ಆರು ಹಂತಗಳನ್ನು ತರಗತಿಯ ಗೋಡೆಗೆ ಅಂಟಿಸಿ ಅದರಂತೆಯೇ ಮಾಡಿಸಬೇಕೆಂದಿದ್ದೇನೆ. ಇದು ಸರಿಯಾದ ಆಯ್ಕೆಯೇ? ಮೂಲಗಳು ನಂಬಲರ್ಹವೇ ಎಂದು ಪರೀಕ್ಷಿಸುವುದನ್ನು ಆರನೆಯ ಹಂತವಾದ ‘ಮೌಲ್ಯಮಾಪನ’ದಲ್ಲಿ ಕಲಿಸಿದರೆ ಸಾಕೇ?

ಉತ್ತರ (ಗ್ರಂಥಪಾಲಕ): ನಮಸ್ಕಾರ ಮೇಡಂ. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಈ ತಪ್ಪು ಗ್ರಹಿಕೆ ಬಹಳ ಸಾಮಾನ್ಯ. ಐಸೆನ್‌ಬರ್ಗ್ ಮತ್ತು ಬರ್ಕೊವಿಟ್ಜ್ ರೂಪಿಸಿದ ಬಿಗ್ ಸಿಕ್ಸ್‌ನಲ್ಲಿ ಕೊನೆಯ ಹಂತದ ಮೌಲ್ಯಮಾಪನವೆಂದರೆ ವಿದ್ಯಾರ್ಥಿಯು ತನ್ನ ಕೆಲಸವನ್ನೇ ತೂಗಿ ನೋಡುವುದು: ವರದಿ ಉದ್ದೇಶವನ್ನು ಪೂರೈಸಿತೇ, ಹುಡುಕಿದ ರೀತಿಯಲ್ಲಿ ಸಮಯ ವ್ಯರ್ಥವಾಯಿತೇ ಎಂದು. ಮೂಲಗಳನ್ನು ಆರಿಸಿ ಜರಡಿ ಹಿಡಿಯುವ ಕೆಲಸ ಎರಡನೆಯ ಹಂತದಲ್ಲೇ ಆರಂಭವಾಗಿ, ಓದಿ ಟಿಪ್ಪಣಿ ಮಾಡಿಕೊಳ್ಳುವ ನಾಲ್ಕನೆಯ ಹಂತದಲ್ಲೂ ಮುಂದುವರಿಯಬೇಕು. ವರದಿ ಬರೆದು ಮುಗಿದ ಮೇಲೆ ಮೂಲ ಸರಿಯಿರಲಿಲ್ಲವೆಂದು ತಿಳಿದರೆ ಯಾವ ವಿದ್ಯಾರ್ಥಿಯೂ ಮತ್ತೆ ಬರೆಯಲಾರ.

ಇನ್ನು ಮಾದರಿಯ ಆಯ್ಕೆ. ಬಿಗ್ ಸಿಕ್ಸ್ ಕೆಟ್ಟದ್ದಲ್ಲ. ಆದರೆ ಅದು ಕೆಲಸವನ್ನು ಗೊತ್ತುಮಾಡಿಕೊಳ್ಳುವುದನ್ನು ಮೊದಲ ಹಂತದಲ್ಲೇ ಇರಿಸುತ್ತದೆ. ಜೇನುನೊಣದ ಬಗ್ಗೆ ಏನೂ ಓದದ ಹದಿನಾಲ್ಕರ ವಯಸ್ಸಿನವರಿಗೆ ಆ ಹೊತ್ತಿನಲ್ಲಿ ಕೇಳಲು ಪ್ರಶ್ನೆಯಾದರೂ ಎಲ್ಲಿಂದ ಬರಬೇಕು? ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧಕಿ ಕ್ಯಾರಲ್ ಕುಹ್ಲ್‌ಥೌ ಅವರ ಮಾದರಿ ನೆರವಾಗುತ್ತದೆ. 1980ರ ದಶಕದಲ್ಲಿ ಶಾಲಾ ವಿದ್ಯಾರ್ಥಿಗಳು ಪ್ರಬಂಧಕ್ಕಾಗಿ ಮಾಹಿತಿ ಹುಡುಕುವುದನ್ನು ಅವರು ಗಮನಿಸಿದಾಗ, ವಿಷಯ ಆರಿಸಿಕೊಂಡಾಗ ಮೂಡುವ ಉತ್ಸಾಹವು ಓದಲು ತೊಡಗಿದೊಡನೆ ಕುಗ್ಗಿ, ಗೊಂದಲ ಹೆಚ್ಚಿ, ತನ್ನದೇ ಆದ ಒಂದು ಕೇಂದ್ರಬಿಂದು ಸಿಕ್ಕ ಬಳಿಕವಷ್ಟೇ ಆತ್ಮವಿಶ್ವಾಸ ಮರಳುವುದು ಕಂಡುಬಂತು. ಆದ್ದರಿಂದ ಅವರು ‘ಅನ್ವೇಷಣೆ’ ಮತ್ತು ‘ಸಂಗ್ರಹ’ ಎಂಬ ಎರಡು ಹಂತಗಳ ನಡುವೆ ‘ನಿರೂಪಣೆ’, ಅಂದರೆ ಪ್ರಶ್ನೆ ರೂಪುಗೊಳ್ಳುವ ಹಂತವನ್ನು ಇಟ್ಟರು. ನಿಮ್ಮ ವಿದ್ಯಾರ್ಥಿಗಳು ಬಹುಶಃ ಈ ಹಂತವನ್ನು ದಾಟದೆಯೇ ಸಂಗ್ರಹಕ್ಕೆ ಇಳಿದಿದ್ದಾರೆ. ಪ್ರಶ್ನೆಯೇ ಇಲ್ಲದವನಿಗೆ ಪುಟದಲ್ಲಿರುವ ಪ್ರತಿಯೊಂದು ವಾಕ್ಯವೂ ಬೇಕಾದದ್ದಾಗಿಯೇ ಕಾಣುತ್ತದೆ, ಹಾಗಾಗಿ ಎಲ್ಲವನ್ನೂ ನಕಲು ಮಾಡುತ್ತಾನೆ. ಇದನ್ನು ಸೋಮಾರಿತನವೆಂದು ಕರೆಯಲು ನನಗೆ ಮನಸ್ಸಿಲ್ಲ.

‘ಜೇನುನೊಣಗಳು’ ಎಂಬುದು ವಿಷಯ, ಪ್ರಶ್ನೆಯಲ್ಲ. ಆಹಾರವಿರುವ ದಿಕ್ಕನ್ನು ಗೂಡಿನ ಇತರ ನೊಣಗಳಿಗೆ ತಿಳಿಸಲು ಜೇನುನೊಣ ಮಾಡುವ, ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ವಿವರಿಸಿದ ನೃತ್ಯದ ಬಗ್ಗೆ ಓದಿದ ವಿದ್ಯಾರ್ಥಿನಿಯೊಬ್ಬಳು, ನೃತ್ಯದ ಕೋನವು ಸೂರ್ಯನ ದಿಕ್ಕನ್ನು ಆಧರಿಸಿರುತ್ತದೆಂದು ತಿಳಿದು, ‘ಹಾಗಾದರೆ ಮೋಡ ಕವಿದ ದಿನ ಏನಾಗುತ್ತದೆ?’ ಎಂದು ಕೇಳಿದರೆ ಅದು ಪ್ರಶ್ನೆ. ಅದಕ್ಕೆ ಉತ್ತರ ಬರೆಯಲು ಅವಳು ಕನಿಷ್ಠ ಎರಡು ಮೂಲಗಳನ್ನು ಹೋಲಿಸಿ ನೋಡಬೇಕಾಗುತ್ತದೆ.

ಪ್ರಶ್ನೆ (ಅದೇ ಶಿಕ್ಷಕಿ): ಧನ್ಯವಾದಗಳು ಸರ್. ಆದರೆ ನನಗಿರುವುದು ಐದೇ ಪಿರಿಯಡ್. ಮೂಲಗಳ ಪರೀಕ್ಷೆಗೆ ಒಂದು ಪ್ರಶ್ನಾವಳಿಯನ್ನು ಕೊಟ್ಟರೆ ಸಮಯ ಉಳಿಯಬಹುದೇ?

ಉತ್ತರ: ಪ್ರಶ್ನಾವಳಿಗಳ ಬಗ್ಗೆ ನನಗೆ ಈಚೆಗೆ ಅನುಮಾನ ಹೆಚ್ಚಾಗಿದೆ, ನಾನೇ ವರ್ಷಗಟ್ಟಲೆ ಅವನ್ನು ಹಂಚಿದವನಾದರೂ. ಅವು ಓದುಗನ ಕಣ್ಣನ್ನು ಆ ಪುಟದೊಳಗೇ ಕಟ್ಟಿಹಾಕುತ್ತವೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು (ಫ್ಯಾಕ್ಟ್ ಚೆಕರ್‌ಗಳು) ಮತ್ತು 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ಜಾಲತಾಣಗಳನ್ನು ತೋರಿಸಿ ಹೋಲಿಸಿದರು. ಇತಿಹಾಸಕಾರರು ಮತ್ತು ವಿದ್ಯಾರ್ಥಿಗಳು ಅನೇಕ ವೇಳೆ ಪುಟದೊಳಗೇ ಉಳಿದು, ಅದರ ವಿನ್ಯಾಸ, ಲಾಂಛನಗಳಿಗೆ ಮಾರುಹೋದರೆ, ಸತ್ಯಶೋಧಕರು ಬೇಗನೆ ಆ ಪುಟವನ್ನು ಬಿಟ್ಟು, ಬೇರೆ ಟ್ಯಾಬ್‌ಗಳನ್ನು ತೆರೆದು, ಆ ಸಂಸ್ಥೆಯ ಬಗ್ಗೆ ಇತರರು ಏನು ಹೇಳುತ್ತಾರೆಂದು ನೋಡಿದರು. ಇದನ್ನು ಕಲಿಸಲು ಪ್ರೊಜೆಕ್ಟರ್ ಎದುರು ನೀವೇ ಒಂದು ಪುಟವನ್ನು ಪರೀಕ್ಷಿಸುತ್ತಾ, ಮನಸ್ಸಿನಲ್ಲಿ ಬರುವ ಅನುಮಾನಗಳನ್ನು ಗಟ್ಟಿಯಾಗಿ ಹೇಳುತ್ತಾ ಹೋದರೆ ಹದಿನೈದು ನಿಮಿಷ ಸಾಕು.

ಮೊದಲ ಎರಡು ಪಿರಿಯಡ್‌ಗಳನ್ನು ಓದಿಗೇ ಬಿಡಿ. ಆಗ ವಾಕ್ಯಗಳನ್ನು ಬರೆದುಕೊಳ್ಳುವಂತಿಲ್ಲ, ಅಚ್ಚರಿಯೆನಿಸಿದ್ದನ್ನು ಮಾತ್ರ ಒಂದೊಂದು ಸಾಲಿನಲ್ಲಿ ಗುರುತಿಸಿಕೊಳ್ಳಲಿ. ಮೂರನೆಯದರಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರಶ್ನೆಯನ್ನು ಬರೆದು ನಿಮ್ಮ ಒಪ್ಪಿಗೆ ಪಡೆಯಲಿ, ಮೂಲಗಳ ಪರೀಕ್ಷೆಯನ್ನೂ ಅಂದೇ ತೋರಿಸಿ. ಉಳಿದ ಎರಡು ಸಂಗ್ರಹಕ್ಕೆ ಮತ್ತು ಬರವಣಿಗೆಗೆ. ಒಪ್ಪಿಗೆ ಸಿಗದ ಪ್ರಶ್ನೆಯನ್ನು ‘ತಪ್ಪು’ ಎಂದು ಹಿಂದಿರುಗಿಸದೆ, ‘ಇದಕ್ಕೆ ಒಂದೇ ಪುಟದಲ್ಲಿ ಉತ್ತರ ಸಿಗುತ್ತದೆಯೇ?’ ಎಂದಷ್ಟೇ ಕೇಳಿ. ಸಿಗುತ್ತದೆಂದು ಅವರೇ ಒಪ್ಪಿಕೊಂಡರೆ, ಆ ಪುಟವನ್ನು ಓದಿ ಬಂದು ಅಲ್ಲಿಂದ ಹುಟ್ಟುವ ಎರಡನೆಯ ಪ್ರಶ್ನೆಯನ್ನು ತರಲು ಹೇಳಿ.